ಅಡಿವೆವ್ವನ ಜೋಡಿ ಝೂಲಾ

ಅಕ್ಕಿಆಲೂರಿನ ಅಡಿವೆವ್ವನಿಗೆ ಸುಮ್ಮನೆ ಕೂಡುವುದೇ ಗೊತ್ತಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಸುಮ್ಮನೆ ಕೂಡಲು ಆಕೆಯನ್ನು ಬಿಟ್ಟವರಾದರೂ ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ಇಪ್ಪತ್ತೈದು ತುಂಬುವುದರೊಳಗೆ ಮೂರು ಮಕ್ಕಳು. ಶಂಕ್ರಪ್ಪನಿಗೆ ಐದು, ಶೇಖವ್ವನಿಗೆ ಮೂರು, ಮಾಳಪ್ಪ ಇನ್ನೂ ತೊಟ್ಟಿಲಲ್ಲಿ. ಗಂಡ ಗುದ್ಲೆಪ್ಪ ಹೊತ್ತು ಹುಟ್ಟುವ ಮೊದಲೇ ಗದ್ದೆಗೆ ಹೋದರೆ ಹೊತ್ತು ಮುಳುಗಿದ ಮೇಲೆ ಬರುವವನು. ಅತ್ತೆ ಉಡಚವ್ವ ಮನೆಯಲ್ಲೇ ಇದ್ದರೂ ಆಕೆಯ ಕೈಗಿಂತ ಬಾಯಿ ಚುರುಕು.

ಇಷ್ಟರ ನಡುವೆ ಅಡಿವೆವ್ವ ಝೂಲಾ ಹೊಲಿಯುತ್ತಿದ್ದಳು. ಕಾರಹುಣ್ಣಿಮೆಯ ದಿನ ಎತ್ತುಗಳ ಬೆನ್ನಿಗೆ ಹೊದಿಸುತ್ತಾರಲ್ಲ, ಕನ್ನಡಿ ಬಿಲ್ಲೆ, ಕವಡೆ, ಬಣ್ಣದ ದಾರದ ಆ ಹೊದಿಕೆ. ಮೊದಲು ತಮ್ಮ ಎತ್ತಿಗೆಂದು ಹರಿದ ಸೀರೆಯಲ್ಲಿ ಒಂದು ಹೊಲಿದಳು. ಮರುವರ್ಷ ಓಣಿಯ ಇಬ್ಬರು ಕೇಳಿದರು, ಅದರ ಮರುವರ್ಷ ಆರು ಮನೆಯವರು. ಉಳಿದವರೆಲ್ಲ ಅಜ್ಜಿಯರ ಕಾಲದ ನಾಲ್ಕೆಸಳಿನ ಹೂವನ್ನೇ ಹೊಲಿಯುತ್ತಿದ್ದರೆ, ಈಕೆ ಗೋಡೆಯ ಮೇಲೆ ಸಾಲು ಹೋಗುವ ಇರುವೆಗಳನ್ನು ಹೊಲಿದಳು, ಕೆರೆ ದಂಡೆಯ ಕೊಕ್ಕರೆಗಳನ್ನು ಹೊಲಿದಳು. ಕೈಗೆ ಬರುತ್ತಿದ್ದದ್ದು ಒಂದಿಷ್ಟು ಅಕ್ಕಿ, ಬೆಲ್ಲ, ಶೇಂಗಾ. ಆದರೆ ಊರ ನಡುವೆ ಎತ್ತು ಹಾದು ಹೋದಾಗ "ಇದು ಅಡಿವೆವ್ವನ ಕೈಯಾಗಿಂದು" ಎಂದು ಜನ ಗುರುತು ಹಿಡಿಯುತ್ತಿದ್ದರು. ಆ ಮಾತಿಗಾಗಿ ಆಕೆ ಬೆರಳು ಚುಚ್ಚಿಸಿಕೊಳ್ಳುತ್ತಿದ್ದಳು.

ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ತೂಗುತ್ತ ಹೊಲಿಯುವುದು ಆಕೆಯ ರೀತಿ. ಚಿತ್ರವನ್ನು ಮೊದಲು ಪಡಸಾಲೆಯ ನೆಲದ ಮೇಲೆ ಇದ್ದಿಲಿನಿಂದ ಬರೆದುಕೊಳ್ಳುವಳು. ಶೇಖವ್ವ ಅದರ ಮೇಲೆ ಉರುಳಾಡಿ ಮೈಯೆಲ್ಲ ಕರ್ರಗೆ ಮಾಡಿಕೊಂಡು ನಗುವಳು. ಕವಡೆಗಳು ಶಂಕ್ರಪ್ಪನ ಆಟಕ್ಕೆ ಹೋಗುವುವು. ಒಂದು ಹಕ್ಕಿಯ ರೆಕ್ಕೆ ಮುಗಿಯಬೇಕಾದರೆ ನಾಲ್ಕು ಸಲ ಏಳಬೇಕು. ಒಬ್ಬನಿಗೆ ಹಸಿವು, ಒಬ್ಬಳ ಮೂಗು ಒರೆಸಬೇಕು, ಹಾಲು ಉಕ್ಕಿತು, ಅತ್ತೆ ಕರೆದಳು. ಹಾಗಿದ್ದೂ ಆ ಕೊಕ್ಕರೆಗಳು ಹಾರುತ್ತಿದ್ದವು ಎಂದರೆ ಅದು ಆಕೆಯ ಹಟ.

ಸಾವಿರದ ಒಂಬೈನೂರ ನಲವತ್ನಾಲ್ಕರಲ್ಲಿ ಯುಗಾದಿ ಮುಗಿಯುತ್ತಲೇ ಊರಿನ ದೊಡ್ಡ ಜಮೀನುದಾರ ಕುಬೇರಪ್ಪಗೌಡರು ಮನೆಬಾಗಿಲಿಗೆ ಬಂದರು. ಯುದ್ಧದ ಕಾಲ. ಕಂಟ್ರೋಲ್ ಅಂಗಡಿಯ ಮುಂದೆ ಮುಂಜಾನೆಯಿಂದ ನಿಂತರೂ ಒಂದು ಮೊಳ ಮಾಂಜರಪಾಟ ಬಟ್ಟೆ ಸಿಗದು. ಅಂಥದ್ದರಲ್ಲಿ ಗೌಡರು ತಂದೆಯ ಕಾಲದ ಕೆಂಪು ಬನಾತು, ದಪ್ಪ ಉಣ್ಣೆಯ ಬಟ್ಟೆ, ತಂದಿದ್ದರು, ಎರಡು ಎತ್ತಿಗೆ ಆಗುವಷ್ಟು.

"ನಮ್ಮ ಜೋಡಿಗೆ ಝೂಲಾ ಹೊಲಿದ ಕೊಡವ್ವಾ. ಏನ್ ಹಾಕತಿ ಹಾಕು, ನಿನಗ ಬಿಟ್ಟದ್ದು," ಎಂದರು.

ನಿನಗೆ ಬಿಟ್ಟದ್ದು ಎಂಬ ಮಾತನ್ನು ಅಡಿವೆವ್ವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಸೆರಗು ಎಳೆದುಕೊಂಡು ಬಾಗಿಲ ಮರೆಯಿಂದಲೇ ಹೇಳಿದಳು, "ಗೌಡ್ರ, ಎರಡಕ್ಕೂ ಕೂಡಿ ಒಂದ ಚಿತ್ರ ಹಾಕ್ತೇನ್ರಿ. ಅರ್ಧ ಮರ ಎಡದ ಎತ್ತಿನ ಮ್ಯಾಲ, ಅರ್ಧ ಬಲದ ಎತ್ತಿನ ಮ್ಯಾಲ. ಜೋಡಿ ಕೂಡಿ ನಿಂತಾಗ ಹಿಂದಿನಿಂದ ನೋಡಿದ್ರ ಇಡೀ ಮರ ಕಾಣಬೇಕ್ರಿ. ಮರದಾಗ ಗಿಳಿ."

"ಒಂದ ಎತ್ತ ಮುಂದ ಓಡ್ತಂದ್ರ?"

"ಮರ ಸೀಳತೈತ್ರಿ," ಎಂದು ಅಡಿವೆವ್ವ ನಕ್ಕಳು. ಗೌಡರೂ ನಕ್ಕರು.

"ಚಲೋ ಬಂತಂದ್ರ ಹಾನಗಲ್ಲ ಸುತ್ತಮುತ್ತಿನವರೆಲ್ಲಾ ನಿನ್ನ ಮನಿ ಹುಡುಕ್ಕೊಂಡು ಬರ್ತಾರ ನೋಡು," ಎಂದು ಹೇಳಿ ಹೋದರು.

ಬಸವ ಜಯಂತಿಯ ಹೊತ್ತಿಗೆ ಎಡದ ಎತ್ತಿನದು ಮುಗಿಯಿತು. ಬಲದ ಎತ್ತಿನದು ಕಾಂಡ, ಕೆಳಗಿನ ಕೊಂಬೆಗಳವರೆಗೆ ಬಂದಿತ್ತು. ಆಗ ಶಂಕ್ರಪ್ಪನಿಗೆ ಜ್ವರ ಬಂದು, ಮೂರನೆಯ ದಿನ ಮೈತುಂಬ ಕೆಂಪು ದದ್ದು ಎದ್ದವು. ದಡಾರ. ಉಡಚವ್ವ ಅದನ್ನು ದಡಾರ ಎನ್ನಲಿಲ್ಲ, ಬಾಗಿಲಿಗೆ ಬೇವಿನ ತೊಪ್ಪಲು ಸಿಗಿಸಿ ದೇವಿಗೆ ಕೈಮುಗಿದಳು.

"ಅವ್ವ ಬಂದಾಳ. ಒಗ್ಗರಣಿ ಹಾಕಬ್ಯಾಡ, ತಲಿ ಹಿಕ್ಕಬ್ಯಾಡ, ಸೂಜಿ ಎತ್ತಿಡು. ಅರಿವ್ಯಾಗ ಸೂಜಿ ಆಡಿಸಿದ್ರ ಕೂಸಿನ ಮೈಯಾಗ ಆಡಿಸಿದಂಗ. ಮನ್ಯಾಗಿಂದ ಒಂದ ಎಳಿ ದಾರಾನೂ ಹೊರಗ ಹೋಗಬಾರದು."

ಇದು ಅತ್ತೆಯ ಹಟವಲ್ಲ. ಊರಿನ ಎಲ್ಲ ಮನೆಗಳಲ್ಲೂ ನಡೆಯುವುದೇ ಹಾಗೆ, ಅಡಿವೆವ್ವನ ತವರಿನಲ್ಲೂ ಹಾಗೆಯೇ. ಆಕೆ ಸೂಜಿಗಳನ್ನು ತಗಡಿನ ಡಬ್ಬಿಗೆ ಹಾಕಿ ಗೋಡೆಯ ಮಾಡದಲ್ಲಿಟ್ಟಳು. ಹನ್ನೊಂದು ದಿನ ತಾನೇ, ಬೇವಿನ ನೀರಿನ ಸ್ನಾನ ಆದರೆ ಮುಗಿಯಿತು ಎಂದುಕೊಂಡಳು. ಹನ್ನೊಂದನೆಯ ದಿನ ಶಂಕ್ರಪ್ಪನಿಗೆ ನೀರು ಹಾಕುವಾಗ ತೊಟ್ಟಿಲಲ್ಲಿ ಮಾಳಪ್ಪನ ಕಿವಿಯ ಹಿಂದೆ ದದ್ದು ಕಂಡವು. ಮತ್ತೆ ಹನ್ನೊಂದು ದಿನ. ಮಾಳಪ್ಪನಿಗೆ ನೀರು ಹಾಕುವ ಹೊತ್ತಿಗೆ ಶೇಖವ್ವ ಮಲಗಿದಳು. ಮಕ್ಕಳು ಒಟ್ಟಿಗೆ ಉಣ್ಣುತ್ತಿದ್ದರು, ಒಟ್ಟಿಗೆ ಜಗಳಾಡುತ್ತಿದ್ದರು, ಕಾಯಿಲೆಯನ್ನು ಮಾತ್ರ ಸರದಿಯ ಮೇಲೆ ಹಂಚಿಕೊಂಡರು.

ಕಾರಹುಣ್ಣಿಮೆಗೆ ಹನ್ನೆರಡು ದಿನ ಉಳಿದಿತ್ತು. ಶೇಖವ್ವನ ಸ್ನಾನ ಬೀಳುವುದು ಹಬ್ಬದ ಹಿಂದಿನ ದಿನ. ಒಂದು ದಿನದಲ್ಲಿ ಉಳಿದ ಕೊಂಬೆ, ಎಲೆ, ಗಿಳಿ ಮುಗಿಯುವ ಮಾತೇ ಅಲ್ಲ. ಬೇರೆಯವರ ಕೈಗೆ ಕೊಡೋಣವೆಂದರೆ ಅವ್ವ ಬಂದ ಮನೆಯ ಬಟ್ಟೆಯನ್ನು ಯಾರೂ ಮುಟ್ಟುವುದಿಲ್ಲ.

"ಗೌಡ್ರಿಗೆ ಹೇಳಿಬಿಡ್ಲ್ಯಾ? ತಿಳಿದವರದಾರ, ಏನೂ ಅನ್ನೂದಿಲ್ಲ," ಎಂದ ಗುದ್ಲೆಪ್ಪ.

"ಏನಂತ ಹೇಳ್ತೀರಿ? ಒಂದ ಎತ್ತಿನ ಮ್ಯಾಲ ಅರ್ಧಾ ಮರ ಹೊದಿಸ್ತಾರೇನು?"

ಗುದ್ಲೆಪ್ಪ ಎದ್ದು ದನಕ್ಕೆ ನೀರು ಕುಡಿಸಲು ಹೋದ.

ನಾಲ್ಕು ದಿನ ಅಡಿವೆವ್ವ ತಡೆದಳು. ಐದನೆಯ ದಿನ ಮಧ್ಯಾಹ್ನ ಸಗಣಿ ಬಳಿಯುವ ನೆವ ಮಾಡಿ, ಬುಟ್ಟಿಯಲ್ಲಿ ಬನಾತು ಮುಚ್ಚಿಕೊಂಡು ಹಿತ್ತಲ ಕೊಟ್ಟಿಗೆಗೆ ಹೋದಳು. ಮನೆಯಲ್ಲಿ ತಾನೇ ಸೂಜಿ ಆಡಿಸಬಾರದು, ಕೊಟ್ಟಿಗೆ ಎಲ್ಲಿಯ ಮನೆ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಳು. ಬೇಕಾದಾಗ ಇಂಥ ನ್ಯಾಯ ಯಾರಿಗೆ ಹೊಳೆಯುವುದಿಲ್ಲ? ಕೈ ತಿಂಗಳ ಹಸಿವಿನಲ್ಲಿತ್ತು. ಎಲೆಯ ಮೇಲೆ ಎಲೆ ಎದ್ದು ಬಂತು. ಒಳಗಿನಿಂದ ಶೇಖವ್ವ "ಅವ್ವಾ, ಅವ್ವಾ" ಎಂದು ನರಳುವುದು ಗೋಡೆ ದಾಟಿ ಕೇಳುತ್ತಿತ್ತು. ಇದೊಂದು ಎಲೆ ಮುಗಿಸಿ ಏಳುತ್ತೇನೆ ಎಂದುಕೊಂಡಳು. ಅದು ಮುಗಿದಾಗ ಇನ್ನೊಂದು ಎಲೆ. ಹೀಗೆ ನಾಲ್ಕು ಮಧ್ಯಾಹ್ನ. ನಾಲ್ಕನೆಯ ದಿನ ಗಿಳಿಯೂ ಮುಗಿಯಿತು. ಕಣ್ಣನ್ನು ಆಕೆ ಯಾವಾಗಲೂ ಕಡೆಗೆ ಇಡುವವಳು. ಕರಿ ದಾರ ಪೋಣಿಸಿ, ಮೂರು ಚುಚ್ಚು ಹಾಕಿ, ಗಂಟು ಬಿಗಿದು ಒಳಗೆ ಬಂದಳು.

ಶೇಖವ್ವನ ಬಲಗಣ್ಣು ಕೀವಿನಿಂದ ಮೆತ್ತಿಕೊಂಡು ಮುಚ್ಚಿಹೋಗಿತ್ತು.

ನೀರು ಹಚ್ಚಿ ನೆನೆಸಿದರು, ಎದೆಹಾಲು ಬಿಟ್ಟರು, ದೇವಿಗೆ ಮೊಸರನ್ನದ ಎಡೆ ಹಿಡಿದರು. ಸ್ನಾನದ ದಿನ ಕಣ್ಣು ತೆರೆಯಿತು. ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಕೂತಿತ್ತು. ಅಡಿವೆವ್ವ ಅಂಗೈ ಅಡ್ಡ ಹಿಡಿದು ಎಡಗಣ್ಣು ಮುಚ್ಚಿ ಬೆರಳು ತೋರಿಸಿದಳು. "ಎಷ್ಟವ್ವಾ ಇವು?" ಮಗು ಕೈ ಮುಂದೆ ಮಾಡಿ ಬೆರಳು ತಡಕಾಡಿತು.

ಅದೇ ಸಂಜೆ ಗುದ್ಲೆಪ್ಪ ಝೂಲಾಗಳನ್ನು ಗೌಡರ ಮನೆಗೆ ಮುಟ್ಟಿಸಿದ. ಯಾವಾಗ ಮುಗಿಯಿತು ಎಂದು ಅವನು ಕೇಳಲಿಲ್ಲ. ಆ ಗೋಳಿನಲ್ಲಿ ಕೇಳುವ ಮನಸ್ಸೂ ಅವನಿಗಿರಲಿಲ್ಲ.

ಕಾರಹುಣ್ಣಿಮೆಗೆ ಅಡಿವೆವ್ವ ಹೊರಗೆ ಬರಲಿಲ್ಲ. ಮರುದಿನ ಗೌಡರೇ ಬಂದರು, ಜೊತೆಗೆ ಹಾನಗಲ್ಲಿನ ಇಬ್ಬರು.

"ಮರ ಎದ್ದ ನಿಂತಿತ್ತವ್ವಾ! ಜನ ಎತ್ತಿನ ಮುಂದ ನಿಲ್ಲೂದ ಬಿಟ್ಟು ಹಿಂದ ಓಡಾಕತ್ತಿದ್ರು. ಇವರಿಗೂ ಎರಡೆರಡ ಜೋಡಿ ಬೇಕಂತ. ಅರಿವಿ ಅವರ ತರ್ತಾರ."

"ಇಲ್ರಿ ಗೌಡ್ರ. ಇನ್ನ ನನ್ನ ಕೈಲೆ ಆಗೂದಿಲ್ರಿ."

"ಯಾಕವ್ವಾ?"

"ಆಗೂದಿಲ್ರಿ."

ಬಂದವರು ಸೊಕ್ಕು ಎಂದುಕೊಂಡು ಹೋದರು.

ಶೇಖವ್ವನನ್ನು ಹಾನಗಲ್ಲಿನ ದವಾಖಾನೆಗೂ ಒಯ್ದರು. ಡಾಕ್ಟರು ಒಳ್ಳೆಯವರು. "ದಡಾರದಾಗ ಎಷ್ಟೋ ಮಕ್ಕಳಿಗೆ ಹಿಂಗ ಆಗತೈತಿ. ಯಾರ ತಪ್ಪೂ ಅಲ್ಲ ತಂಗಿ, ಸುಮ್ಮನ ಅಳಬ್ಯಾಡ," ಎಂದರು. ಡಾಕ್ಟರಿಗೆ ಕೊಟ್ಟಿಗೆಯ ಸಂಗತಿ ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ, ಗಂಡನಿಗೂ ಗೊತ್ತಿರಲಿಲ್ಲ. ಯಾರಾದರೂ ಗೊತ್ತಾಗಿ ಬೈದಿದ್ದರೆ, ಕೂದಲು ಹಿಡಿದು ಹೊಡೆದಿದ್ದರೆ, ಅಡಿವೆವ್ವನಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯುವವರಿಲ್ಲದ ತಪ್ಪನ್ನು ಆಕೆ ಒಬ್ಬಳೇ ಹೊತ್ತುಕೊಂಡು ರೊಟ್ಟಿ ಬಡಿದಳು, ನೀರು ಸೇದಿದಳು, ಮಕ್ಕಳನ್ನು ಬೆಳೆಸಿದಳು. ಸೂಜಿ ಮಾತ್ರ ಮುಟ್ಟಲಿಲ್ಲ. ಹರಿದ ಬಟ್ಟೆಗೆ ಉಡಚವ್ವ ತೇಪೆ ಹಾಕುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಗುದ್ಲೆಪ್ಪನೇ ದಬ್ಬಣದಿಂದ ಹೊಲಿಯತೊಡಗಿದ. ಮಕ್ಕಳ ಅಂಗಿಗಳು ಭತ್ತದ ಚೀಲದ ಬಾಯಿಯಂತಾದವು. ಊರಿಗೆಲ್ಲ ನಗೆ, ಅಡಿವೆವ್ವ ತಲೆ ತಗ್ಗಿಸುವಳು.

ಐದು ವರ್ಷದ ಮೇಲೆ ಒಂದು ಮಧ್ಯಾಹ್ನ ಅಡಿವೆವ್ವ ಹೊಲದಿಂದ ಬಂದಾಗ ಪಡಸಾಲೆಯ ನೆಲದ ಮೇಲೆ ಇದ್ದಿಲಿನಿಂದ ಒಂದು ಕುದುರೆ ಬರೆದಿತ್ತು. ಕುದುರೆಯ ಪಕ್ಕ ಎಂಟು ವರ್ಷದ ಶೇಖವ್ವ, ಮುಂದೆ ಮಾಡದಲ್ಲಿನ ತಗಡಿನ ಡಬ್ಬಿ, ಮಡಿಲಲ್ಲಿ ಆವತ್ತು ಉಳಿದಿದ್ದ ಕೆಂಪು ಬನಾತಿನ ತುಂಡು.

"ನಮ್ಮ ಕರುವಿಗೆ ಝೂಲಾ ಹೊಲಿಯಾಕತ್ತೇನಿ," ಎಂದಳು ಹುಡುಗಿ. ಸೂಜಿ, ದಾರ ಎರಡನ್ನೂ ಎಡಗಣ್ಣಿನ ಹತ್ತಿರ ಹಿಡಿದಿದ್ದಳು. ದಾರ ಸೂಜಿಯ ಆಚೆಗೆ ಹೋಗುತ್ತಿತ್ತು, ಈಚೆಗೆ ಬರುತ್ತಿತ್ತು. "ಅವ್ವಾ, ದಾರ ಪೋಣಿಸಿ ಕೊಡ. ನನಗ ತೂತ ಸಿಗವಲ್ದು."

ಬೇಡ ಎನ್ನಬಹುದಿತ್ತು. ಯಾಕೆ ಎಂದು ಕೇಳಿದರೆ ಹೇಳಬೇಕಾಗುತ್ತಿತ್ತು. ಅಡಿವೆವ್ವ ಕೂತಳು. ಮಗಳ ಕೈಯಿಂದ ಸೂಜಿ ತೆಗೆದುಕೊಂಡು, ದಾರದ ತುದಿಯನ್ನು ತುಟಿಗೆ ಹಚ್ಚಿ ಒದ್ದೆ ಮಾಡಿದಳು. ದಾರ ತಪ್ಪಿತು. ಮತ್ತೊಮ್ಮೆ ತಪ್ಪಿತು.

ಶೇಖವ್ವ ತಾಯಿಯ ಮುಖವನ್ನು ಹತ್ತಿರದಿಂದ ನೋಡಿ ಕೇಳಿದಳು, "ನಿನಗೂ ಕಾಣವಲ್ದೇನವ್ವಾ?"

ಮೂರನೆಯ ಸಲಕ್ಕೆ ದಾರ ಹೋಯಿತು. ಅಡಿವೆವ್ವ ಗಂಟು ಹಾಕಿ ಸೂಜಿಯನ್ನು ಮಗಳ ಕೈಗೆ ಕೊಟ್ಟಳು.