ಅವ್ವನ ಮಾತಿಗೆ ಬಿದ್ದ ಬೀಗ

ಹಾನಗಲ್ಲಿನ ನಮ್ಮ ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಾಗ ಅವ್ವನ ನಾಲಿಗೆ ಬಿದ್ದು ಎಂಟು ತಿಂಗಳಾಗಿತ್ತು. ಲಕ್ವಾ ಹೊಡೆದು ಬಲಗೈಯೂ ಮಾತೂ ಒಟ್ಟಿಗೇ ಹೋದವು. ಅದಕ್ಕೂ ಮೊದಲು ಎರಡು ವರ್ಷ, ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಂದ ಮೇಲೆ, ಅವಳು ಶೇಂಗಾ ಸುಲಿಯುತ್ತ ತನ್ನ ಬದುಕನ್ನು ಹೇಳುವುದು, ನಾನು ಟೈಪ್ ಮಾಡುವುದು ನಡೆದಿತ್ತು. ಅಬಲೂರಿನ ತವರು, ಅತ್ತೆಯ ಜೊತೆಗಿನ ಜಗಳ, ಯಾವ ಎತ್ತು ಯಾರನ್ನು ಹಾಯುತ್ತಿತ್ತು ಎನ್ನುವುದು, ಎಲ್ಲ ಅದರಲ್ಲಿತ್ತು. ಇನ್ನೊಮ್ಮೆ ಹೇಳಿಸಿಕೊಳ್ಳುವ ದಾರಿ ಇರಲಿಲ್ಲ.

ಒಂದು ರವಿವಾರ ನೋಡಿದರೆ ಆ ಫೈಲುಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಅದೇ ಹೆಸರಿನ ಹುಸಿ ಫೈಲುಗಳು ಕುಳಿತಿದ್ದವು. ಒತ್ತಿದರೆ ತೆರೆಯಲು ಅನುಮತಿಯಿಲ್ಲ ಎನ್ನುತ್ತಿದ್ದವು. ಗುರುತಿಲ್ಲದ ಫೈಲೊಂದನ್ನು ಅಳಿಸಹೋದರೆ 'ಬಳಕೆಯಲ್ಲಿದೆ, ಅಳಿಸಲಾಗದು' ಎಂಬ ಉತ್ತರ. ಯಾರ ಬಳಕೆಯಲ್ಲಿ? ನನ್ನ ಮನೆ, ನನ್ನ ಕಂಪ್ಯೂಟರ್. ಮೈಯೆಲ್ಲ ಉರಿಯಿತು.

ಶಿಗ್ಗಾವಿಯಿಂದ ಬಂದ ರಿಪೇರಿಯವನು ಚಹಾ ಮುಗಿಸುವುದರೊಳಗೆ ತೀರ್ಪು ಕೊಟ್ಟ.

"ಅಕ್ಕಾರ, ಫಾರ್ಮ್ಯಾಟ್ ಹೊಡಿಯೂನ್ರಿ. ಒಳಗಿಂದೆಲ್ಲಾ ಹೋಗ್ತೈತಿ, ಆದ್ರ ಮಷಿನ್ ಹೊಸಾದರಂಗ ಆಗ್ತೈತಿ."

"ನನಗ ಮಷಿನ್ ಬ್ಯಾಡ. ಒಳಗಿಂದು ಬೇಕು."

"ಅದು ಬರಂಗಿಲ್ರೀ. ಇಂಥಾವು ಬಾಳ ನೋಡೇನಿ."

"ಹಂಗಾರ ನೀವು ಹೊರಡ್ರಿ. ನಾ ತಗೀತೇನಿ."

ಹೇಳಿದ್ದೇನೋ ಹೇಳಿಬಿಟ್ಟೆ, ತೆಗೆಯುವುದು ಹೇಗೆಂದು ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ ಕಲಿತೆ. ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ಶುರು ಮಾಡಿದರೆ ಅಗತ್ಯವಿದ್ದಷ್ಟೇ ಎಚ್ಚರವಾಗುತ್ತದೆ, ಕಳ್ಳ ಮಲಗಿರುತ್ತಾನೆ, ಆಗ ಅಳಿಸಬಹುದು. ಅಳಿಸಿದೆ. ಅವನು ಬಚ್ಚಿಟ್ಟಿದ್ದ ಫೈಲುಗಳೂ ಹೊರಬಂದವು. ಮರುದಿನ ಸಂಜೆ ನೋಡಿದರೆ ಮತ್ತೆ ಬೀಗ. ಹೀಗೆ ಮೂರು ಸಲ ಆಯಿತು.

ಮೊದಲ ಸಲವೇ ಸಿಟ್ಟು ಓಣಿಯ ಮೇಲೆ ತಿರುಗಿತ್ತು. ಅರ್ಜಿ ಪ್ರಿಂಟ್ ತೆಗೆಸಲು ಎಲ್ಲರೂ ಪೆನ್‌ಡ್ರೈವ್ ಹಿಡಿದು ನಮ್ಮ ಮನೆಗೇ ಬರುವುದು ರೂಢಿ. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ವಾಪಸು ಕಳಿಸಿದೆ. ಸವಣೂರಿನಿಂದ ಭಜನೆ ಹಾಡುಗಳನ್ನು ತಂದಿದ್ದ ಸೋದರಮಾವನ ಜೊತೆಗೂ ಮಾತು ಬಿಟ್ಟೆ.

ನಾಲ್ಕನೆಯ ಸಲ ಸ್ವಚ್ಛ ಮಾಡಿ, ಎಂದಿನಂತೆ ಕೈತೊಳೆದುಕೊಂಡು ದೇವರ ಜಗಲಿಗೆ ಹೋದೆ. ನಮ್ಮಲ್ಲಿ ಹೊಲದ ಕಾಗದ, ಬಂಗಾರ, ಬೆಲೆಯುಳ್ಳದ್ದೆಲ್ಲ ಜಗಲಿಯ ಮೇಲೆ. ಮೊದಲ ಕೆಲವು ತಿಂಗಳ ಫೈಲುಗಳ ನಕಲಷ್ಟೇ ಇದ್ದ ಪೆನ್‌ಡ್ರೈವನ್ನೂ ಅವ್ವ ಅಲ್ಲೇ ಇಟ್ಟು, ಅಮಾವಾಸ್ಯೆಗೊಮ್ಮೆ ವಿಭೂತಿ ಹಚ್ಚುತ್ತಿದ್ದಳು. ಅಷ್ಟಾದರೂ ಸರಿಯಾಗಿ ಬಂದಿದೆಯೇ ಎಂದು ತಾಳೆ ನೋಡಲು ಪ್ರತಿಸಲ ಅದನ್ನೇ ಚುಚ್ಚುತ್ತಿದ್ದೆ. ಚಾಚಿದ ಕೈ ಅಲ್ಲೇ ನಿಂತಿತು. ಮೂರೂ ಸಲ ಕಂಪ್ಯೂಟರಿನೊಳಗೆ ಹೋದದ್ದು ಇದೊಂದೇ. ಓಣಿಯವರನ್ನೆಲ್ಲ ಕಳ್ಳರನ್ನಾಗಿ ಮಾಡಿದ್ದೆ, ದೇವರ ಪಕ್ಕದಲ್ಲಿದ್ದದ್ದರ ಮೇಲೆ ಮಾತ್ರ ಅನುಮಾನವೇ ಬಂದಿರಲಿಲ್ಲ. ನಾಚಿಕೆಯಾಯಿತು.

"ಅವ್ವಾ, ರೋಗ ಇದರಾಗ ಐತಿ ನೋಡು."

ಮಂಚದ ಮೇಲಿದ್ದ ಅವ್ವ ಎಡಗೈ ಚಾಚಿದಳು. ಕಣ್ಣಿಗೊತ್ತಿಕೊಂಡು ತಿರುಗಿ ಜಗಲಿಗೇ ಇಡಿಸುತ್ತಾಳೆ ಎಂದು ಹೆದರಿದೆ. ಅವಳು ಸೆರಗಿನಿಂದ ವಿಭೂತಿ ಒರೆಸಿ, ಒರಳಕಲ್ಲಿನ ಕಡೆಗೆ ಎಸೆದಳು. ಗುಂಡುಕಲ್ಲಿನಿಂದ ಜಜ್ಜಿ ಪುಡಿ ಮಾಡಿದೆ. ಆಮೇಲೆ ವೈರಸ್ ಬರಲಿಲ್ಲ.

ವಾರದ ನಂತರ ಅವ್ವನಿಗೆ ಮೊದಲಿನಿಂದ ಓದಿ ಹೇಳತೊಡಗಿದೆ. ಅಣ್ಣ ಹುಟ್ಟಿದ ಪುಟಕ್ಕೆ ಬಂದಾಗ ಅವಳು ಮಂಚ ಬಡಿದಳು. ಮತ್ತೆ ಓದಿದೆ, ಮತ್ತೆ ಅದೇ ಸಾಲಿಗೆ ಬಡಿದಳು. 'ಬಾಣಂತನದಲ್ಲಿ ಅತ್ತೆಯವರು ಸ್ವಲ್ಪ ಬಿಗಿಯಾಗಿದ್ದರು' ಎಂದಿತ್ತು. ಅವಳು ಹೇಳಿದ್ದು ಹಾಗಲ್ಲ. ಮರ್ಯಾದೆಗೆ ಅಂಜಿ ನಾನೇ ಹಾಗೆ ಟೈಪ್ ಮಾಡಿದ್ದೆ. ವೈರಸ್ಸಿಗಿಂತ ಮೊದಲು ಆ ಮಾತಿಗೆ ಬೀಗ ಹಾಕಿದವಳು ನಾನು.

ಸಾಲನ್ನು ಅಳಿಸಿ ಅವಳದ್ದೇ ಮಾತು ಹಾಕಿ, ಓಣಿಗೆ ಕೇಳುವಂತೆ ಓದಿದೆ: "ಆ ಮುದಿ ಗೂಬಿ ಹಸಿ ಬಾಣಂತೀನ ಉಪಾಸ ಕೆಡವಿದ್ಳು."

ಅವ್ವ ಕೈ ಇಳಿಸಿ, ಮುಂದೆ ಓದು ಎಂದು ಗೋಣು ಹಾಕಿದಳು.