ಕತ್ತಿನಿಂದ ಬಂದ ತಲೆಸುತ್ತು

ಬನಹಟ್ಟಿಯ ನಮ್ಮ ಪವರ್‌ಲೂಮ್ ಶೆಡ್ಡಿನಲ್ಲಿ ಹರಿದ ಎಳೆಯೊಂದನ್ನು ಗಂಟುಹಾಕಿ ತಲೆಯೆತ್ತಿದೆ. ನೆಲ ಎಡಕ್ಕೆ ವಾಲಿತು. ಆಸರೆಗೆಂದು ಓಡುತ್ತಿದ್ದ ಇನ್ನೊಂದು ಮಗ್ಗದ ಮೇಲೆ ಕೈಯೂರಲು ಹೋದೆ. ಪಕ್ಕದಲ್ಲಿದ್ದ ಗಂಡ ರಟ್ಟೆ ಹಿಡಿದು ಹಿಂದಕ್ಕೆಳೆದರು.

ತುಸು ತಡವಾಗಿದ್ದರೆ ಬೆರಳುಗಳು ಉಳಿಯುತ್ತಿರಲಿಲ್ಲ.

ಆಮೇಲೆ ಆ ತಲೆಸುತ್ತು ಬಿಡಲಿಲ್ಲ. ಹಾಸಿಗೆಯಲ್ಲಿ ಹೊರಳಿದರೆ, ಯಾರಾದರೂ ಕರೆದರೆಂದು ತಿರುಗಿದರೆ ಮನೆಯೇ ತೇಲಿದಂತಾಗುತ್ತಿತ್ತು. ಕೊಡ ಎತ್ತುವುದು ಬಿಟ್ಟೆ. ಕೊನೆಗೆ ಕೂಸನ್ನು ಎತ್ತುವುದನ್ನೂ ಬಿಟ್ಟೆ. ಮಗಳು ಕೈ ಚಾಚಿ ಅಳುತ್ತಿದ್ದಳು. ನಾನು ಗೋಡೆ ಹಿಡಿದು ಕೂತಿರುತ್ತಿದ್ದೆ.

ಊರಿನ ಡಾಕ್ಟರು ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟರು. ಬೆಳಗಾವಿಯ ಇಎನ್‌ಟಿ ಡಾಕ್ಟರು ಕಿವಿ ಸರಿಯಿದೆ ಎಂದರು. ಸ್ಕ್ಯಾನ್ ನಾರ್ಮಲ್.

“ಎಲ್ಲಾ ಛಲೋ ಐತಿ ಅಂತಾರ. ಮತ್ತ ಏನಾಗೇತಿ ಈಕಿಗೆ?” ಅತ್ತೆ ಮಗನನ್ನು ಕೇಳಿದರು.

ನನ್ನನ್ನು ಕೇಳಲಿಲ್ಲ.

ಕುತ್ತಿಗೆ ಮುಟ್ಟಿ ನೋಡಿದವರು ನ್ಯೂರಾಲಜಿ ಡಾಕ್ಟರು. ಪೆಟ್ಟೇನಾದರೂ ಬಿದ್ದಿತ್ತೇ ಎಂದು ಕೇಳಿದರು. ಇದೆಲ್ಲ ಶುರುವಾಗುವ ಮುಂಚೆ ಮಹಾಲಿಂಗಪುರದ ಹತ್ತಿರ ಬಸ್ಸು ಒಮ್ಮೆಲೇ ಬ್ರೇಕ್ ಹಾಕಿದಾಗ ಕುತ್ತಿಗೆ ಜಗ್ಗಿದ್ದು ಆಗ ನೆನಪಾಯಿತು. ಕುತ್ತಿಗೆಯ ರಕ್ತನಾಳಗಳಿಗೆ ತೊಂದರೆಯಿಲ್ಲ ಎಂದು ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಂಡ ಮೇಲೆಯೇ ಅವರು ಕೈರೊಪ್ರ್ಯಾಕ್ಟರ್ ಒಬ್ಬರ ಬಳಿ ಕಳಿಸಿದರು. ಬೆನ್ನು, ಕುತ್ತಿಗೆಯ ಕೀಲುಗಳಿಗೆ ಕೈಯಿಂದಲೇ ಚಿಕಿತ್ಸೆ ಮಾಡುವವರು. ಕೂಸನ್ನು ಎತ್ತಿಕೊಂಡು ಅತ್ತೆಯೂ ಬಂದರು.

“ಕುತ್ತಿಗಿ ಲಟಕ್ ಅನಸ್ತೀರೇನ್ರಿ?” ಅತ್ತೆಯ ದನಿಯಲ್ಲಿ ಹೆದರಿಕೆಯಿತ್ತು.

“ಇಲ್ರೀ ಅವ್ವಾರ, ಮೆತ್ತಗ ಒತ್ತತೇನಿ. ತಲಿ ಯಾಕಡೆ ಹೊಳ್ಳೇತಿ ಅನ್ನೂದು ಕುತ್ತಿಗಿಯಿಂದನೂ ಮೆದುಳಿಗೆ ತಿಳೀತೈತ್ರಿ. ಮ್ಯಾಲಿನ ಕೀಲು ಬಿಗದ್ರ ಆ ಸುದ್ದಿ ತಪ್ಪಿ ಹೋಗಬಹುದು. ಅದ ಕಾರಣ ಅಂತ ಖಾತ್ರಿ ಹೇಳಾಕ ಬರೂದಿಲ್ಲ. ನೋಡೂಣು.”

ತಲೆಬುರುಡೆಯ ಕೆಳಗೆ ಅವರ ಬೆರಳು ತಾಗಿದ ಕೂಡಲೇ ಆ ಪರಿಚಿತ ಸುತ್ತು ಎದ್ದಿತು. ಅಳು ಬಂತು. ನೋವಿಗಲ್ಲ. ಇಷ್ಟು ದಿನ ಎಲ್ಲರೂ ಇಲ್ಲ ಎಂದಿದ್ದು, ಬೇರೊಬ್ಬರ ಬೆರಳಿಗೆ ಸಿಕ್ಕಿತಲ್ಲ ಎಂದು.

ಒಂದೇ ಸಲಕ್ಕೆ ಗುಣವಾಗಲಿಲ್ಲ. ಕೆಲವು ವಾರ ಹೋಗಿ ಬಂದೆ. ಮನೆಯಲ್ಲಿ ಹೆಬ್ಬೆರಳ ಮೇಲೆ ನೋಟವಿಟ್ಟು ನಿಧಾನವಾಗಿ ತಲೆ ಹೊರಳಿಸುವ ವ್ಯಾಯಾಮ ಮಾಡಿದೆ. ಸುತ್ತು ಅಪರೂಪವಾಯಿತು. ಒತ್ತಿದ್ದರಿಂದಲೋ, ವ್ಯಾಯಾಮದಿಂದಲೋ, ಕಾಲ ಕಳೆದದ್ದರಿಂದಲೋ ನನಗೆ ಗೊತ್ತಿಲ್ಲ. ಮಗ್ಗಕ್ಕೆ ಮಾತ್ರ ಇನ್ನೂ ಮರಳಿಲ್ಲ; ಕೂತು ನೂಲು ಸುತ್ತುತ್ತೇನೆ.

ಮೊನ್ನೆ ಸಂತೆಯಲ್ಲಿ ಮತ್ತೆ ಸಣ್ಣಗೆ ತಲೆ ತಿರುಗಿತು. ನಾನು ಹೇಳಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ಕಾಯಿಪಲ್ಯೆಯ ಚೀಲ ಕೆಳಗಿಟ್ಟು, ನನಗೆ ಒತ್ತಿಕೊಂಡು ನಿಂತರು.

“ಬಿದ್ರ ನನ್ನ ಮ್ಯಾಲ ಬೀಳು,” ಎಂದರು.