ಅತ್ತೆಯ ಬಾವಿಗೆ ಪೈಪು ಬಂದದ್ದು

ನಾನು ಪಂಚಾಯ್ತಿ ಮೆಂಬರಾದ ಮೇಲೆ ನಮ್ಮೂರಿಗೆ ಹೊಳೆ ನೀರಿನ ಯೋಜನೆ ಬಂತು. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿದೆ ನಮ್ಮೂರು. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುವುದು, ಮಳೆ ಹಿಡಿದರೆ ಹೊಳೆ ಉಕ್ಕುವುದು, ಎರಡೂ ಈಚೆಗೆ ಮಾಮೂಲಾಗಿದ್ದವು. ಸಭೆಗೆ ಬಂದ ಎಂಜಿನಿಯರಮ್ಮ, ಇನ್ನು ಮುಂದೆ ಹಳೆಯ ಮಳೆಗಾಲವನ್ನು ನಂಬಿ ಲೆಕ್ಕ ಹಾಕುವ ಹಾಗಿಲ್ಲ, ಹೊಳೆಯ ಜೊತೆಗೆ ಇನ್ನೊಂದು ಕಡೆಯ ನೀರೂ ಇರಲೇಬೇಕು ಎಂದರು. ಊರಲ್ಲಿ ಬತ್ತದೆ ಉಳಿದಿದ್ದದ್ದು ಒಂದೇ ಬಾವಿ, ನಮ್ಮ ಹಿತ್ತಲಿನದು. ಅಂದರೆ ನಮ್ಮತ್ತೆಯದು. ಎಲ್ಲರೂ ನನ್ನ ಮುಖ ನೋಡಿದರು. ನಾನು ಧಾರಾಳವಾಗಿ ಆಗಲಿ ಎಂದುಬಿಟ್ಟೆ.

ಅತ್ತೆ ಆಗುವುದಿಲ್ಲ ಎಂದರು. ನನ್ನ ಜೊತೆ ಮಾತೂ ಬಿಟ್ಟರು. ನೀರು ಖಾಲಿಯಾಗುತ್ತದೆಂಬ ಭಯವಿರಬೇಕು ಎಂದುಕೊಂಡೆ. ಎಂಜಿನಿಯರಮ್ಮನೇ ಮನೆಗೆ ಬಂದು, ಬಾವಿಕಟ್ಟೆಯ ಮೇಲೆ ಅವರ ಪಕ್ಕ ಕೂತು ಕೇಳಿದಾಗಲೇ ನಿಜ ಹೊರಬಿದ್ದದ್ದು.

"ನೀರೇನು, ತಕ್ಕೊಂಡೋಗ್ಲಿ ಬುಡವ್ವ. ಎಲ್ರ ಮನೆಗೂ ಪೈಪಲ್ಲೇ ಬಂದ್ಬುಟ್ರೆ ನನ್ನ ತಾವು ಬಂದು ಮಾತಾಡೋರು ಯಾರು?"

ಎಂಜಿನಿಯರಮ್ಮ ನಗಲಿಲ್ಲ. ನಕ್ಷೆಯನ್ನು ತೊಡೆಯ ಮೇಲೆ ಹರಡಿ, ಬಾವಿಯ ಪಕ್ಕದಲ್ಲೇ ಒಂದು ನಲ್ಲಿಯನ್ನೂ ಕೂರಲು ಒಂದು ಜಗಲಿಯನ್ನೂ ಬರೆದು ತೋರಿಸಿದರು. ಜಗಲಿ ಹಲಸಿನ ಮರದ ನೆರಳಿಗೆ ಬರಲಿ ಎಂದರು ಅತ್ತೆ. ಅದನ್ನೂ ಅಳಿಸಿ ತಿದ್ದಿದರು.

ಹುಣಸೂರಿನ ಸಾಬರೊಬ್ಬರು ಬಂದು ಹೂಳೆತ್ತಿಸಿ ಮೋಟರು ಕೂರಿಸಿ ಊರಿನ ಪೈಪಿಗೆ ಸೇರಿಸಿದರು. ಹಲಸಿನ ನೆರಳಲ್ಲಿ ನಲ್ಲಿಯೂ ಜಗಲಿಯೂ ಬಂದವು. ಮುಂದಿನ ಮಳೆಗಾಲದಲ್ಲಿ ಹೊಳೆದಂಡೆಯ ಪಂಪ್‌ಹೌಸಿಗೆ ನೀರು ನುಗ್ಗಿತು, ನಲ್ಲಿಗಳಲ್ಲಿ ಕೆಂಪು ರಾಡಿ ಬಂತು. ಹೊಳೆಯ ಪೈಪು ಮುಚ್ಚಿ ಬಾವಿಯ ಮೋಟರು ಹಾಕಿದೆವು. ಪ್ರವಾಹ ಇಳಿಯುವ ತನಕ ಊರೆಲ್ಲ ಆ ನೀರನ್ನೇ ಕುಡಿಯಿತು. ಮನೆಮನೆಗೆ ಬರುತ್ತಿದ್ದರೂ ಹೆಂಗಸರು ಬಿಂದಿಗೆ ಹಿಡಿದು ಜಗಲಿಗೇ ಬಂದರು. ಪೈಪಿನಲ್ಲಿ ಹರಿದು ಬಂದರೆ ರುಚಿ ಕೆಡುತ್ತದೆ ಎಂಬುದು ಅವರ ನೆಪ. ಅತ್ತೆ ಎಲ್ಲರಿಗೂ ಎಲೆ ಅಡಿಕೆ ಕೊಟ್ಟು, ಬಸುರಿಯರ ಬಿಂದಿಗೆಯನ್ನು ಮೊದಲು ಹಿಡಿಸುತ್ತಿದ್ದರು.

ಸುದ್ದಿ ಕೇಳಿ ಹೆಗ್ಗಡದೇವನಕೋಟೆ ಕಡೆಯ ಊರೊಂದರವರು ನನ್ನನ್ನು ಮಾತಾಡಲು ಕರೆದರು. ಅತ್ತೆಯೂ ರೇಷ್ಮೆ ಸೀರೆ ಉಟ್ಟು ಬಸ್ಸು ಹತ್ತಿದರು. ಅಲ್ಲಿ ಗೋಡೆಗೆ ನಕ್ಷೆ ತೂಗುಹಾಕಿ, ಒಂದು ಬಾವಿಗೆ ಕೆಂಪು ಗುರುತು ಮಾಡಿದ್ದರು. ನನ್ನ ಮಾತು ಅರ್ಧಕ್ಕೂ ಬಂದಿರಲಿಲ್ಲ, ಅತ್ತೆ ಎದ್ದು ನಿಂತರು.

"ಅದ್ಯಾರ ಬಾವಿ? ಅವರ ಮನೆಗೋಗಿ ಕೇಳುದ್ರಾ?"

ಯಾರೂ ಕೇಳಿರಲಿಲ್ಲ. ಸಭೆಯನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರೂ ಆ ಮನೆಯ ಕಡೆ ಹೊರಟೆವು. ದಾರಿ ಗೊತ್ತಿಲ್ಲದಿದ್ದರೂ ಅತ್ತೆ ಎಲ್ಲರಿಗಿಂತ ಮುಂದಿದ್ದರು.